ಕರೆಂಟ್ ಹೋಗಿ ಬಂದ ಮೇಲೆ ಡಿಸ್ಕ್ ಚೆಕ್: ಕಾಯಬೇಕಾ, ಆರಿಸಬೇಕಾ?

ಮುಂಗಾರಿಗೆ ಮುಂಚಿನ ಗಾಳಿಮಳೆ ಶುರುವಾದಾಗಿನಿಂದ ಅಂಕಣಕ್ಕೆ ಬರುತ್ತಿರುವ ಪತ್ರಗಳಲ್ಲಿ ಮುಕ್ಕಾಲುಪಾಲು ಒಂದೇ ಗೋಳು. ಕೆಲಸ ನಡೆಯುತ್ತಿರುವಾಗ ಕರೆಂಟ್ ಹೋಗುತ್ತದೆ, ಬಂದ ಮೇಲೆ ಕಂಪ್ಯೂಟರ್ ಸೀದಾ ಓಪನ್ ಆಗದೆ ಕಪ್ಪು ಪರದೆ ಮೇಲೆ ಏನೋ ಲೆಕ್ಕ ಮಾಡುತ್ತಾ ಕೂರುತ್ತದೆ. ಕೆಲವರು ಕಾಯುತ್ತಾರೆ, ಕೆಲವರು ಬಟನ್ ಒತ್ತಿ ಹಿಡಿದು ಆರಿಸುತ್ತಾರೆ, ಒಬ್ಬರಂತೂ ಪ್ಲಗ್ಗೇ ಕಿತ್ತಿದ್ದಾರೆ. ಈ ಸಲ ಮೈಸೂರು, ಮಂಡ್ಯ ಕಡೆಯಿಂದ ಬಂದ ಕೆಲವು ಪತ್ರ ಇಟ್ಟುಕೊಂಡಿದ್ದೇನೆ. ಹೆಸರು ಬೇಡ ಅಂದವರೇ ಜಾಸ್ತಿ, ಹಾಗಾಗಿ ಊರಷ್ಟೇ ಹಾಕಿದ್ದೇನೆ. ಕಮಾಂಡ್‌ಗಳನ್ನು ಫೋನಿನಲ್ಲಿ ಹೇಳುವ ಹಾಗೆ ಅಕ್ಷರ ಬಿಡಿಸಿ ಬರೆದಿದ್ದೇನೆ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರ.

ಪ್ರಶ್ನೆ: ಸರ್, ಅಗ್ರಹಾರದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ವಿಂಡೋಸ್ 10, 1 ಟಿಬಿ ಹಾರ್ಡ್ ಡಿಸ್ಕ್. ಮೊನ್ನೆ ಸಂಜೆ ಲಗ್ನಪತ್ರಿಕೆ ಸೆಟ್ ಮಾಡ್ತಾ ಇದ್ದಾಗ ಕರೆಂಟ್ ಹೋಯ್ತು, ಯುಪಿಎಸ್ ಒಂದು ಸಲ ಕುಂಯ್ ಅಂದು ಸುಮ್ನಾಯ್ತು. ಆಮೇಲೆ ಆನ್ ಮಾಡಿದರೆ 'ಸ್ಕ್ಯಾನಿಂಗ್ ಅಂಡ್ ರಿಪೇರಿಂಗ್ ಡ್ರೈವ್ ಡಿ' ಅಂತ ಬಂದು 11 ಪರ್ಸೆಂಟ್‌ನಲ್ಲಿ ನಿಂತಿದೆ. ರಾತ್ರಿಯೆಲ್ಲ ಬಿಟ್ಟರೂ 11. ಆಫ್ ಮಾಡಬಹುದಾ? ಡಿ ಡ್ರೈವ್‌ನಲ್ಲಿ ಹತ್ತು ವರ್ಷದ ನುಡಿ, ಪೇಜ್‌ಮೇಕರ್ ಫೈಲುಗಳಿವೆ. ಬ್ಯಾಕಪ್ ಇಲ್ಲ. ದಯವಿಟ್ಟು ಬೈಬೇಡಿ.
(ಅಗ್ರಹಾರ, ಮೈಸೂರು)

ಉತ್ತರ: ಬೈಯಲ್ಲ. ಬೈದರೆ ಫೈಲ್ ವಾಪಸ್ ಬರುತ್ತದಾ?

ಮೊದಲು ಆ ಪರ್ಸೆಂಟ್ ವಿಷಯ. ಅದನ್ನು ನಂಬಬೇಡಿ. ಡಿಸ್ಕಿನ ಒಂದೇ ಕಡೆ ಗೋಜಲಿದ್ದರೆ ಅಂಕಿ ಗಂಟೆಗಟ್ಟಲೆ ಅಲ್ಲೇ ನಿಲ್ಲುತ್ತದೆ, ಆಮೇಲೆ ಒಂದೇ ಸಲ ನೂರಕ್ಕೆ ಹಾರುವುದೂ ಉಂಟು. ನೋಡಬೇಕಾದ್ದು ಕ್ಯಾಬಿನೆಟ್ ಮುಂದಿನ ಹಾರ್ಡ್ ಡಿಸ್ಕ್ ದೀಪ. ಅದು ಅಡ್ಡಾದಿಡ್ಡಿ ಮಿಣುಕುತ್ತಿದ್ದರೆ ಕೆಲಸ ನಡೆಯುತ್ತಿದೆ, ಬಿಡಿ. ದೀಪ ಒಂದೇ ಸಮ ಉರಿಯುತ್ತಿದ್ದು, ಒಳಗಿಂದ ಟಕ್, ಟಕ್ ಅಂತ ಒಂದೇ ತಾಳದಲ್ಲಿ ಸದ್ದು ಬರುತ್ತಿದ್ದರೆ ಡಿಸ್ಕು ಓದಲಾಗದ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಬರುತ್ತಿದೆ ಅಂತ. ಆಗ ಕಾದಷ್ಟೂ ನಷ್ಟವೇ.

ನೀವು ರಾತ್ರಿಯೆಲ್ಲ 11ರಲ್ಲೇ ಇದೆ ಅಂದಿರಿ, ಬ್ಯಾಕಪ್ ಬೇರೆ ಇಲ್ಲ. ನನ್ನ ಮಾತು ಕೇಳುವುದಾದರೆ ಆರಿಸಿ. ಪರದೆ ಮೇಲೆ ಓಡುತ್ತಿರುವ ಈ ಚೆಕ್ ಡಿಸ್ಕನ್ನು ಮಧ್ಯದಲ್ಲಿ ನಿಲ್ಲಿಸುವುದು ಒಳ್ಳೆಯದಲ್ಲ ಅಂತ ಮೈಕ್ರೋಸಾಫ್ಟ್ ಹೇಳುತ್ತದೆ ನಿಜ. ಆದರೆ ನಿಲ್ಲಿಸಿದ ಮಾತ್ರಕ್ಕೆ ಡ್ರೈವ್ ಮೊದಲಿಗಿಂತ ಹೆಚ್ಚು ಕೆಡಬಾರದು ಅಂತಲೂ ಅದೇ ಹೇಳುತ್ತದೆ. ಕೈಕೊಡುತ್ತಿರುವ ಡಿಸ್ಕನ್ನು ಇನ್ನೊಂದು ರಾತ್ರಿ ದುಡಿಸುವುದು ಅದಕ್ಕಿಂತ ದೊಡ್ಡ ಅಪಾಯ.

ಇಲ್ಲೊಂದು ವಿಷಯ ತಿಳ್ಕೊಂಡಿರಿ, ಕೆಳಗಿನ ಎಲ್ಲ ಉತ್ತರಕ್ಕೂ ಇದು ಬೇಕು. ಚೆಕ್ ಡಿಸ್ಕ್ ಇರುವುದು ನಿಮ್ಮ ಫೈಲ್ ಉಳಿಸೋಕಲ್ಲ, ಫೈಲ್ ಸಿಸ್ಟಂನ ಲೆಕ್ಕ ಸರಿ ಮಾಡೋಕೆ. ಯಾವ ಫೈಲು ಎಲ್ಲಿದೆ, ಯಾವ ಜಾಗ ಖಾಲಿ, ಯಾವ ಫೋಲ್ಡರಿನಲ್ಲಿ ಯಾವ ಹೆಸರು, ಈ ಪಟ್ಟಿಗಳೆಲ್ಲ ಒಂದಕ್ಕೊಂದು ತಾಳೆಯಾಗಬೇಕು. ತಾಳೆಯಾಗದ ಕೊಂಡಿ ಸಿಕ್ಕರೆ ಅದನ್ನು ಕತ್ತರಿಸಿಯಾದರೂ ತಾಳೆ ಮಾಡುತ್ತದೆ. ಕತ್ತರಿಸಿ ಹೋಗಿದ್ದು ನಿಮ್ಮ ಹತ್ತು ವರ್ಷದ ಫೋಲ್ಡರ್ ಅಂತ ಅದಕ್ಕೇನು ಗೊತ್ತು? ಅದಕ್ಕೇ ಬ್ಯಾಕಪ್ ಇಲ್ಲದ ಡ್ರೈವ್ ಆದರೆ ಮೊದಲು ಕಾಪಿ, ಆಮೇಲೆ ಚೆಕ್.

ಮುಂದಿನ ಸಲ ಆನ್ ಮಾಡಿದಾಗ, ಚೆಕ್ ಶುರುವಾಗುವ ಮುಂಚೆ ಕೆಲವು ಸೆಕೆಂಡು 'ಬೇಡವಾದರೆ ಯಾವುದಾದರೂ ಕೀ ಒತ್ತಿ' ಅಂತ ಇಂಗ್ಲಿಷಿನಲ್ಲಿ ಬರುತ್ತದೆ. ಒತ್ತಿ. ವಿಂಡೋಸ್ ಓಪನ್ ಆದರೆ ಬೇರೇನೂ ಮಾಡಬೇಡಿ, ಒಂದು ಎಕ್ಸ್‌ಟರ್ನಲ್ ಡಿಸ್ಕ್ ಹಾಕಿ ಕಾಪಿ ಶುರು ಮಾಡಿ. ಈ ತಿಂಗಳು ಡೆಲಿವರಿ ಕೊಡಬೇಕಾದ ಕೆಲಸ ಮೊದಲು, ಹಳೆಯ ಗಿರಾಕಿಗಳ ಫೈಲ್ ಆಮೇಲೆ. ನುಡಿ ಫಾಂಟುಗಳಿಗೆ ಸಮಯ ಹಾಳು ಮಾಡಬೇಡಿ, ಅವು ಮತ್ತೆ ಸಿಗುತ್ತವೆ. ಯಾವುದಾದರೂ ಫೈಲಿನಲ್ಲಿ ಕಾಪಿ ಸಿಕ್ಕಿಹಾಕಿಕೊಂಡರೆ 'ಸ್ಕಿಪ್' ಕೊಟ್ಟು ಮುಂದೆ ಹೋಗಿ, ಅದರ ಜೊತೆ ಜಗಳಕ್ಕೆ ನಿಲ್ಲಬೇಡಿ.

ವಿಂಡೋಸೇ ಬರಲಿಲ್ಲ ಅಂದರೆ ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಯುಎಸ್‌ಬಿ-ಸಾಟಾ ಕೇಬಲ್ಲಿನಲ್ಲಿ ಹಾಕಿ. ಮೂರೂವರೆ ಇಂಚಿನ ಡಿಸ್ಕಿಗೆ ಪ್ರತ್ಯೇಕ ಪವರ್ ಅಡಾಪ್ಟರ್ ಇರುವ ಕೇಬಲ್ಲೇ ಬೇಕು, ಲ್ಯಾಪ್‌ಟಾಪ್ ಡಿಸ್ಕಿನದ್ದು ಸಾಲಲ್ಲ. ಆ ಕಂಪ್ಯೂಟರ್ ಪೂರ್ತಿ ಓಪನ್ ಆದ ಮೇಲೆ ಕೇಬಲ್ ಚುಚ್ಚಿ. ಮೊದಲೇ ಚುಚ್ಚಿಟ್ಟರೆ ಅದೂ ಶುರುವಿನಲ್ಲೇ ಚೆಕ್ ಮಾಡ್ತೀನಿ ಅಂತ ಕೂರಬಹುದು. 'ಸ್ಕ್ಯಾನ್ ಮಾಡಿ ಸರಿ ಮಾಡಲಾ' ಅಂತ ಕಿಟಕಿ ಬಂದರೆ ಬೇಡ ಅನ್ನಿ.

ಕಾಪಿ ಎಲ್ಲ ಮುಗಿದ ಮೇಲೆ ಚೆಕ್. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು, ಸಿ ಎಚ್ ಕೆ ಡಿ ಎಸ್ ಕೆ, ಸ್ಪೇಸ್, ಡಿ, ಕೋಲನ್ ಅಂತ ಹೊಡೆಯಿರಿ. ಇಷ್ಟೇ ಹೊಡೆದರೆ ಬರೀ ನೋಡಿ ಹೇಳುತ್ತದೆ, ಏನನ್ನೂ ಮುಟ್ಟಲ್ಲ. ತಪ್ಪಿದೆ ಅಂತ ಹೇಳಿದರೆ ಕೊನೆಗೆ ಸ್ಪೇಸ್, ಸ್ಲ್ಯಾಶ್, ಎಫ್ ಸೇರಿಸಿ. ಬಹಳ ಜನ ಕಂಪ್ಯೂಟರ್ ಹುಡುಗರು ಕಣ್ಣು ಮುಚ್ಚಿ ಸ್ಲ್ಯಾಶ್ ಆರ್ ಹಾಕುತ್ತಾರೆ. ಅದು ಖಾಲಿ ಜಾಗವನ್ನೂ ಸೇರಿಸಿ ಡಿಸ್ಕಿನ ಪ್ರತಿಯೊಂದು ಸೆಕ್ಟರನ್ನೂ, ಅಂದರೆ ಪುಟ್ಟ ಪುಟ್ಟ ತುಂಡನ್ನೂ, ಓದಿ ನೋಡುತ್ತದೆ. 1 ಟಿಬಿ ಅಂದರೆ 10 ಲಕ್ಷ ಎಂಬಿ. ಸೆಕೆಂಡಿಗೆ 120 ಎಂಬಿ ಓದುವ ಗಟ್ಟಿ ಡಿಸ್ಕಿಗೇ ಎರಡೂಕಾಲು ಗಂಟೆ ಮೇಲಾಗುತ್ತದೆ. ಕೆಟ್ಟ ಸೆಕ್ಟರ್ ಇರುವ ಡಿಸ್ಕಾದರೆ ಒಂದೊಂದರ ಹತ್ತಿರವೂ ನಿಂತು ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ದಿನಗಟ್ಟಲೆ ಹಿಡಿದರೂ ಆಶ್ಚರ್ಯವಿಲ್ಲ. ಕರೆಂಟ್ ಹೋದದ್ದಕ್ಕೆ ಎಫ್ ಸಾಕು. ಆರ್ ಬೇಕಾಗುವುದು ಡಿಸ್ಕೇ ಕೆಟ್ಟಿದೆ ಅಂತ ಅನುಮಾನ ಬಂದಾಗ, ಮತ್ತು ಆಗ ಅದಕ್ಕಿಂತ ಮೊದಲು ಮಾಡಬೇಕಾದ್ದು ಹೊಸ ಡಿಸ್ಕ್ ತರುವುದು.

ಚೆಕ್ ಮುಗಿದ ಮೇಲೆ ಯಾವುದೋ ಫೋಲ್ಡರ್ ಕಾಣಲಿಲ್ಲ ಅಂದರೆ ಗಾಬರಿ ಬೇಡ. ಡಿ ಡ್ರೈವಿನಲ್ಲೇ 'ಫೌಂಡ್ ಡಾಟ್ 000' ಅಂತ ಒಂದು ಮರೆಮಾಡಿದ ಫೋಲ್ಡರ್ ಹುಟ್ಟಿರಬಹುದು. ಫೋಲ್ಡರ್ ಆಪ್ಷನ್ಸಿನಲ್ಲಿ ಮರೆಮಾಡಿದ್ದನ್ನೂ ಸಿಸ್ಟಂ ಫೈಲುಗಳನ್ನೂ ತೋರಿಸು ಅಂತ ಹಾಕಿದರೆ ಕಾಣುತ್ತದೆ. ಮನೆ ಮಠ ಕಳ್ಕೊಂಡ ಫೈಲುಗಳನ್ನು ಅಲ್ಲಿ ತಂದು ಹಾಕಿರುತ್ತದೆ. ಕೆಲವಕ್ಕೆ ಹೆಸರು ಉಳಿದಿರುತ್ತದೆ, ಕೆಲವಕ್ಕೆ ಬರೀ ನಂಬರು, ಕೊನೆಯಲ್ಲಿ ಸಿ ಎಚ್ ಕೆ ಅಂತ ಇರುತ್ತದೆ. ಅವುಗಳ ಕಾಪಿ ಮಾಡಿಕೊಂಡು, ಕೊನೆಯ ಮೂರಕ್ಷರ ಬದಲಿಸಿ ಪೇಜ್‌ಮೇಕರಿನದ್ದು ಹಾಕಿ ತೆರೆದು ನೋಡಿ. ಹೆಚ್ಚಿನವು ತೆರೆಯಲ್ಲ, ತೆರೆದದ್ದು ಲಾಭ.

ಕೊನೆಯದು. ದಿನಾ ಸರಿಯಾಗಿ ಶಟ್‌ಡೌನ್ ಮಾಡಿದರೂ ಮರುದಿನ ಮತ್ತೆ ಚೆಕ್ ಬರುತ್ತಿದ್ದರೆ ಅದು ಕರೆಂಟಿನ ತಪ್ಪಲ್ಲ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಉಚಿತ ಸಾಫ್ಟ್‌ವೇರ್ ಇದೆ, ಹಾಕಿ ನೋಡಿ. 'ಗುಡ್' ಅಂತ ನೀಲಿ ಇದ್ದರೆ ಸರಿ, 'ಕಾಷನ್' ಅಂತ ಹಳದಿ ಬಂದರೆ ಕೆಳಗಿನ ಸಾಲುಗಳಲ್ಲಿ 05 ಮತ್ತು ಸಿ5 ಅನ್ನುವ ನಂಬರ್ ಹುಡುಕಿ. 05 ಅಂದರೆ ಕೆಟ್ಟು ಬದಲಿ ಜಾಗ ಕೊಟ್ಟ ಸೆಕ್ಟರುಗಳು, ಸಿ5 ಅಂದರೆ ಕೆಡುವ ದಾರಿಯಲ್ಲಿರುವವು. ಇವು ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಡಿ. ಸಿ7 ಮಾತ್ರ ಏರುತ್ತಿದ್ದು ಉಳಿದದ್ದೆಲ್ಲ ಸೊನ್ನೆ ಇದ್ದರೆ ಖುಷಿಪಡಿ, ಹೆಚ್ಚಾಗಿ ಅದು ಸಾಟಾ ಕೇಬಲ್ಲಿನ ತೊಂದರೆ, ಬದಲಿಸಿದರೆ ಮುಗೀತು.

ಹಾಂ, ಯುಪಿಎಸ್ ಕುಂಯ್ ಅಂದು ಸುಮ್ಮನಾಯಿತು ಅಂದಿರಲ್ಲ, ಅದರ ಬ್ಯಾಟರಿ ಮುಗಿದಿದೆ. ಚಿಕ್ಕ ಯುಪಿಎಸ್‌ನೊಳಗೆ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ ಇರುತ್ತದೆ, ಎರಡು ಮೂರು ವರ್ಷ ಬಾಳುತ್ತದೆ. ಬ್ಯಾಟರಿ ಮಾತ್ರ ಬದಲಿಸಬಹುದು, ಹೊಸ ಯುಪಿಎಸ್ ಬೇಕಿಲ್ಲ. ಲೇಸರ್ ಪ್ರಿಂಟರನ್ನು ಅದಕ್ಕೆ ಚುಚ್ಚಿದ್ದರೆ ಇವತ್ತೇ ತೆಗೆಯಿರಿ, ಅದು ಬಿಸಿಯಾಗುವಾಗ ಎಳೆಯುವ ಕರೆಂಟು ಈ ಚಿಕ್ಕ ಯುಪಿಎಸ್‌ಗೆ ತಡೆಯಲ್ಲ.

ಪ್ರಶ್ನೆ: ಮಂಡ್ಯ ಎಪಿಎಂಸಿಯಲ್ಲಿ ನಮ್ಮದು ಬೆಲ್ಲದ ಮಂಡಿ. ಲೆಕ್ಕದ ಎಕ್ಸೆಲ್ ಫೈಲ್ ಸೇವ್ ಮಾಡಿ ಒಂದು ನಿಮಿಷವೂ ಆಗಿರಲಿಲ್ಲ, ಕರೆಂಟ್ ಹೋಯ್ತು. ಆಮೇಲೆ ಚೆಕ್ ಡಿಸ್ಕ್ ಮಾಡಿಸಿದೆ, ಯಾವ ತೊಂದರೆಯೂ ಇಲ್ಲ ಅಂತು. ಫೈಲ್ ಇದೆ, ಸೈಜೂ ಸರಿಯಾಗೇ ತೋರಿಸ್ತದೆ, ಆದರೆ ತೆರೆಯಲ್ಲ. ನಮ್ಮ ಹುಡುಗ ನೋಡಿ ಒಳಗೆ ಬರೀ ಸೊನ್ನೆ ತುಂಬಿದೆ ಅಂದ. ಚೆಕ್ ಡಿಸ್ಕ್ ಸುಳ್ಳು ಹೇಳ್ತಾ?
(ಮಂಡ್ಯ)

ಉತ್ತರ: ಇಲ್ಲ ಸ್ವಾಮಿ, ಅದು ನಿಜವೇ ಹೇಳಿತು. ನೀವು ಕೇಳಿದ ಪ್ರಶ್ನೆ ಬೇರೆ, ಅದು ಉತ್ತರ ಕೊಟ್ಟ ಪ್ರಶ್ನೆ ಬೇರೆ, ಅಷ್ಟೇ.

ನಿಮ್ಮ ಮಂಡಿಯಲ್ಲಿ ಗಾಡಿ ಬಂದ ಕೂಡಲೇ ಕಚ್ಚಾ ಪುಸ್ತಕದಲ್ಲಿ 'ಇಂಥವರದ್ದು, ಇಷ್ಟು ಮೂಟೆ, ಇಂಥ ಜಾಗಕ್ಕೆ' ಅಂತ ಗೀಚಿ, ಆಮೇಲೆ ಮೂಟೆ ಇಳಿಸಿ, ಸಂಜೆ ದೊಡ್ಡ ಲೆಕ್ಕಕ್ಕೆ ಏರಿಸುತ್ತೀರಿ ಅಲ್ವಾ? ವಿಂಡೋಸ್‌ನ ಎನ್‌ಟಿಎಫ್ಎಸ್ ಫೈಲ್ ಸಿಸ್ಟಂ 1993ರಲ್ಲಿ ಬಂದಾಗಿನಿಂದ ಹೀಗೊಂದು ಕಚ್ಚಾ ಪುಸ್ತಕ ಇಟ್ಟಿದೆ, ಅದಕ್ಕೆ ಜರ್ನಲ್ ಅಂತಾರೆ. ಕರೆಂಟ್ ಹೋಗಿ ಬಂದರೆ ಅದನ್ನು ನೋಡಿ ಲೆಕ್ಕ ಸರಿ ಮಾಡಿಕೊಳ್ಳುತ್ತದೆ. ಆದರೆ ಬರೆದಿಡುವುದು ಫೈಲಿನ ಹೆಸರು, ಸೈಜು, ಜಾಗ, ಇಷ್ಟೇ. ಮೂಟೆಯೊಳಗೆ ಬೆಲ್ಲ ಇದೆಯೋ ಇಲ್ಲವೋ ಅದರಲ್ಲಿ ಇರುವುದಿಲ್ಲ. ನಿಮ್ಮ ಫೈಲಿನ ಸೈಜು ಜರ್ನಲ್ಲಿಗೆ ಸೇರಿದೆ, ಒಳಗಿನ ಅಂಕಿಗಳು ಇನ್ನೂ ಮೆಮೊರಿಯಲ್ಲಿದ್ದವು, ಅಥವಾ ಡಿಸ್ಕಿನದೇ ತಾತ್ಕಾಲಿಕ ಮೆಮೊರಿಯಾದ ಕ್ಯಾಶ್‌ನಲ್ಲಿದ್ದವು. ಅಷ್ಟರಲ್ಲಿ ಕರೆಂಟ್ ಹೋಯಿತು.

ಲಿನಕ್ಸ್‌ನವರು ನಗಬೇಕಿಲ್ಲ. ಅವರ ಎಕ್ಸ್ಟ್4 ಫೈಲ್ ಸಿಸ್ಟಂ ಹೊಸದಾಗಿ ಬಂದಾಗ, 2009ರ ಆಸುಪಾಸಿನಲ್ಲಿ, ಇದೇ ರೀತಿ ಕರೆಂಟ್ ಹೋದ ಮೇಲೆ ಫೈಲುಗಳು ಸೊನ್ನೆ ಸೈಜಿಗೆ ಇಳಿಯುತ್ತಿವೆ ಅಂತ ದೊಡ್ಡ ಗಲಾಟೆಯೇ ಆಯಿತು, ಆಮೇಲೆ ಅದಕ್ಕೊಂದು ತಿದ್ದುಪಡಿ ಬಂತು.

ಆ ಫೈಲನ್ನು ಯಾವ ರಿಪೇರಿ ಸಾಫ್ಟ್‌ವೇರಿಗೂ ಕೊಡಬೇಡಿ, ಸೊನ್ನೆಯಿಂದ ಲೆಕ್ಕ ಬರಲ್ಲ, ದುಡ್ಡು ದಂಡ. ಎಕ್ಸೆಲ್ ತೆಗೆದು ಫೈಲ್, ಇನ್ಫೋ, ಮ್ಯಾನೇಜ್ ವರ್ಕ್‌ಬುಕ್ ಅನ್ನುವಲ್ಲಿ ಹಳೆಯ ಪ್ರತಿ ಏನಾದರೂ ಉಳಿದಿದೆಯಾ ನೋಡಿ. ನೀವು ಬದಲಿಸದಿದ್ದರೆ ಎಕ್ಸೆಲ್ 10 ನಿಮಿಷಕ್ಕೊಮ್ಮೆ ತಾನೇ ಒಂದು ಪ್ರತಿ ಇಡುತ್ತದೆ. ಅದನ್ನು 2 ನಿಮಿಷಕ್ಕೆ ಇಳಿಸಿ.

ಇನ್ನೊಂದು ಜಾಗ ನೋಡಿ. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಕಿನ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಪಾಲಿಸೀಸ್. ಅಲ್ಲಿ ಎರಡು ಟಿಕ್ ಇರುತ್ತವೆ. ಮೊದಲನೆಯದು ರೈಟ್ ಕ್ಯಾಶಿಂಗ್, ಅಂದರೆ ಬರೆಯಬೇಕಾದ್ದನ್ನು ಮೊದಲು ಕ್ಯಾಶಿನಲ್ಲಿ ಇಟ್ಟುಕೊಳ್ಳುವುದು. ಅದನ್ನು ತೆಗೆದರೆ ಅಪಾಯ ಕಡಿಮೆ, ಕಂಪ್ಯೂಟರ್ ಸ್ವಲ್ಪ ನಿಧಾನ. ಲೆಕ್ಕ ಬರೆಯುವ ಕಂಪ್ಯೂಟರಿಗೆ ವೇಗ ಯಾಕೆ ಬೇಕು, ತೆಗೆಯಿರಿ ಅಂತಲೇ ನಾನು ಹೇಳುವುದು. ಎರಡನೆಯದು ಬಫರ್ ಫ್ಲಶಿಂಗ್ ನಿಲ್ಲಿಸುವುದು, ಅಂದರೆ ಕ್ಯಾಶಿನಲ್ಲಿರುವುದನ್ನು ಡಿಸ್ಕಿಗೆ ಬರೆದುಬಿಡು ಅಂತ ವಿಂಡೋಸ್ ಹೇಳುವುದನ್ನೇ ನಿಲ್ಲಿಸುವುದು. ಅದರಲ್ಲಿ ಟಿಕ್ ಇದ್ದರೆ ತಕ್ಷಣ ತೆಗೆಯಿರಿ. ಕಂಪ್ಯೂಟರ್ ಸ್ಪೀಡ್ ಮಾಡಿಕೊಡ್ತೀನಿ ಅಂತ ಬಂದವರು ಹಾಕಿ ಹೋಗಿರುವುದುಂಟು.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆ ಶಿಕ್ಷಕ. ನಮ್ಮ ಲ್ಯಾಬಿನ ಕಂಪ್ಯೂಟರುಗಳಲ್ಲಿ ಹಳೆ ಉಬುಂಟು ಲಿನಕ್ಸ್ ಇದೆ. ಕರೆಂಟ್ ಹೋಗಿ ಬಂದ ಮೇಲೆ ಒಂದರಲ್ಲಿ ಕಪ್ಪು ಪರದೆ, 'ಇನಿಟ್‌ರಾಮ್‌ಎಫ್ಎಸ್' ಅಂತ ಬರೆದು ಮುಂದೆ ಕರ್ಸರ್ ಮಿಣುಕ್ತಾ ಇದೆ. ಮೇಲೆ 'ಅನ್‌ಎಕ್ಸ್‌ಪೆಕ್ಟೆಡ್ ಇನ್‌ಕನ್ಸಿಸ್ಟೆನ್ಸಿ, ರನ್ ಎಫ್ಎಸ್‌ಸಿಕೆ ಮ್ಯಾನ್ಯುಯಲಿ' ಅಂತಿದೆ. ಇನ್ನೊಂದು ಕಂಪ್ಯೂಟರ್ ಪ್ರತಿ ಸೋಮವಾರ ಹೀಗೇ ಮಾಡುತ್ತೆ, ಸರಿಯಾಗಿ ಆಫ್ ಮಾಡಿದ್ದರೂ! ಫಾರ್ಮ್ಯಾಟ್ ಮಾಡಿಸಿ ಅಂತಾರೆ ಎಲ್ಲರೂ.
(ಪಾಂಡವಪುರ ತಾಲ್ಲೂಕು)

ಉತ್ತರ: ಫಾರ್ಮ್ಯಾಟ್ ಬೇಡ ಮೇಷ್ಟ್ರೇ. ಅದು ಬಿದ್ದಿಲ್ಲ, ನಿಮ್ಮನ್ನು ಕೇಳಿ ಮುಂದುವರಿಯೋಣ ಅಂತ ನಿಂತಿದೆ.

ಲಿನಕ್ಸ್ ಶುರುವಾಗುವಾಗ ಸಣ್ಣಪುಟ್ಟದ್ದನ್ನು ತಾನೇ ಸರಿ ಮಾಡಿಕೊಂಡು ಹೋಗುತ್ತದೆ. 'ರಿಕವರಿಂಗ್ ಜರ್ನಲ್' ಅಂತ ಒಂದು ಸಾಲು ಬಂದು ಮಾಯವಾದರೆ ಅದು ಮಾಮೂಲಿ. ಯಾವುದನ್ನು ಸರಿ ಮಾಡಿದರೆ ಏನಾದರೂ ಕಳೆದುಹೋಗಬಹುದೋ ಅಂಥದ್ದು ಸಿಕ್ಕಾಗ ಮಾತ್ರ ಮನುಷ್ಯನ ಒಪ್ಪಿಗೆ ಕೇಳುತ್ತದೆ. ಆ ಸಂದೇಶದ ಪಕ್ಕದಲ್ಲೇ ಪಾರ್ಟಿಷನ್ನಿನ ಹೆಸರಿರುತ್ತದೆ, ಸ್ಲ್ಯಾಶ್ ಡೆವ್ ಸ್ಲ್ಯಾಶ್ ಎಸ್‌ಡಿಎ2 ಅನ್ನುವ ಥರ. ಆ ಸಾಲು ಪರದೆಯಿಂದ ಮೇಲಕ್ಕೆ ಸರಿದು ಹೋಗಿದ್ದರೆ ಇ ಎಕ್ಸ್ ಐ ಟಿ ಅಂತ ಹೊಡೆದು ಎಂಟರ್ ಒತ್ತಿ, ದೂರನ್ನು ಮತ್ತೆ ತೋರಿಸುತ್ತದೆ. ಹೆಸರನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಕೊನೆಯ ಅಂಕಿ ಮುಖ್ಯ. ಎಸ್‌ಡಿಎ ಅಂದರೆ ಇಡೀ ಡಿಸ್ಕು, ಎಸ್‌ಡಿಎ2 ಅಂದರೆ ಅದರ ಎರಡನೇ ಭಾಗ. ಅಂಕಿ ಬಿಟ್ಟು ಹೊಡೆದು 'ಬ್ಯಾಡ್ ಮ್ಯಾಜಿಕ್ ನಂಬರ್' ಅಂತ ಬಂದ ಕೂಡಲೇ ಡಿಸ್ಕ್ ಸತ್ತೇಹೋಯಿತು ಅಂತ ತಿಳಿಯುವವರು ಬಹಳ.

ಮೊದಲು ಎಫ್ ಎಸ್ ಸಿ ಕೆ (ಇದೇ ಲಿನಕ್ಸಿನ ಚೆಕ್ ಡಿಸ್ಕ್), ಸ್ಪೇಸ್, ಹೈಫನ್ ಎನ್, ಸ್ಪೇಸ್, ಪಾರ್ಟಿಷನ್ ಹೆಸರು. ಎನ್ ಅಂದರೆ ಎಲ್ಲಕ್ಕೂ 'ಬೇಡ' ಅಂತ, ಬರೀ ತೋರಿಸುತ್ತದೆ. ಒಂದು ಪುಟದಷ್ಟು ದೂರು ಬಂದರೆ ಸಾಧಾರಣ. ಸಾವಿರಾರು ಸಾಲು ಓಡುತ್ತಿದ್ದು ಮಧ್ಯೆ ಮಧ್ಯೆ 'ಐಓ ಎರರ್' ಕಾಣುತ್ತಿದ್ದರೆ ಡಿಸ್ಕೇ ಹೋಗಿದೆ, ಉಬುಂಟು ತುಂಬಿದ ಲೈವ್ ಪೆನ್‌ಡ್ರೈವಿನಲ್ಲಿ ಓಪನ್ ಮಾಡಿ ಬೇಕಾದ್ದನ್ನು ಮೊದಲು ಹೊರಗೆ ತೆಗೆಯಿರಿ. ಸಾಧಾರಣ ದೂರಾದರೆ ಎನ್ ಬದಲು ವೈ ಹಾಕಿ ಇನ್ನೊಮ್ಮೆ ಓಡಿಸಿ. ಪಾಸ್ 1ರಿಂದ ಪಾಸ್ 5ರವರೆಗೆ ಹೋಗುತ್ತದೆ, ಕೊನೆಗೆ 'ಫೈಲ್ ಸಿಸ್ಟಂ ವಾಸ್ ಮಾಡಿಫೈಡ್' ಅನ್ನುತ್ತದೆ. ಅದು ಬೈಗುಳ ಅಲ್ಲ, ಕೆಲಸ ಆಯಿತು ಅಂತ. ಇನ್ನೊಂದು ಸಲ ಓಡಿಸಿ, ಈ ಸಲ ಏನೂ ಹೇಳದಿದ್ದರೆ ರೀಬೂಟ್.

ಓಡುತ್ತಿರುವ ಉಬುಂಟುವಿನಲ್ಲಿ ಟರ್ಮಿನಲ್ ತೆರೆದು, ಬಳಕೆಯಲ್ಲಿರುವ ಪಾರ್ಟಿಷನ್ ಮೇಲೆ ಇದನ್ನು ಯಾವತ್ತೂ ಓಡಿಸಬೇಡಿ. ಎಚ್ಚರಿಕೆ ಬರುತ್ತದೆ, ಮಕ್ಕಳು ವೈ ಒತ್ತಿಬಿಡುತ್ತಾರೆ. ಇದು ಒಂದು ಕಡೆ ತಿದ್ದುತ್ತಿರುವಾಗ ಸಿಸ್ಟಂ ಇನ್ನೊಂದು ಕಡೆ ಬರೆಯುತ್ತಿರುತ್ತದೆ, ಚೆನ್ನಾಗಿದ್ದ ಡಿಸ್ಕೂ ಹಾಳಾಗುತ್ತದೆ.

ಹೆಸರು ಕಳ್ಕೊಂಡ ಫೈಲುಗಳು 'ಲಾಸ್ಟ್ ಪ್ಲಸ್ ಫೌಂಡ್' ಅನ್ನುವ ಫೋಲ್ಡರಿಗೆ ಹೋಗಿರುತ್ತವೆ, ಹ್ಯಾಶ್ ಗುರುತು ಮತ್ತೊಂದು ದೊಡ್ಡ ನಂಬರ್ ಅವುಗಳ ಹೆಸರು. ಎಫ್ ಐ ಎಲ್ ಇ ಕಮಾಂಡ್ ಕೊಟ್ಟರೆ ಯಾವುದು ಚಿತ್ರ, ಯಾವುದು ಬರಹ ಅಂತ ಅದೇ ಹೇಳುತ್ತದೆ.

ಅಂಕಿ ಸರಿಯಾಗಿ ಹಾಕಿಯೂ ಮ್ಯಾಜಿಕ್ ನಂಬರ್ ದೂರು ಬಂದರೆ ಸೂಪರ್‌ಬ್ಲಾಕ್, ಅಂದರೆ ಫೈಲ್ ಸಿಸ್ಟಂನ ಮೂಲ ವಿವರ ಇರುವ ಜಾಗ, ಹಾಳಾಗಿರಬಹುದು. ಎಕ್ಸ್ಟ್4 ಅದರ ನಕಲುಗಳನ್ನು ಬೇರೆ ಕಡೆ ಇಟ್ಟಿರುತ್ತದೆ, ಸಾಮಾನ್ಯವಾಗಿ ಮೊದಲ ನಕಲು 32768ನೇ ಬ್ಲಾಕಿನಲ್ಲಿ. ಇ 2 ಎಫ್ ಎಸ್ ಸಿ ಕೆ, ಸ್ಪೇಸ್, ಹೈಫನ್ ಬಿ, ಸ್ಪೇಸ್, 32768, ಸ್ಪೇಸ್, ಪಾರ್ಟಿಷನ್ ಹೆಸರು.

ಇನ್ನು ಆ ಸೋಮವಾರದ ಕಂಪ್ಯೂಟರ್. ಇದು ಸ್ವಾರಸ್ಯದ್ದು. ಅದು ನಿಂತಾಗ ಪರದೆ ಮೇಲೆ 'ಇನ್ ದ ಫ್ಯೂಚರ್' ಅನ್ನುವ ಮಾತು ಇದೆಯಾ ನೋಡಿ. ಬಯೋಸ್‌ಗೆ ಹೋಗಿ ತಾರೀಖು ಎಷ್ಟಿದೆ ಅಂತಲೂ ನೋಡಿ. ಹತ್ತು ಹದಿನೈದು ವರ್ಷ ಹಿಂದಿನ ಜನವರಿ 1 ಇದ್ದರೆ ಕಳ್ಳ ಸಿಕ್ಕಿದ ಹಾಗೆ. ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿದೆ. ಶನಿವಾರ ಮಧ್ಯಾಹ್ನ ಮೇನ್ ಸ್ವಿಚ್ ಆರಿಸಿ ಹೋಗುತ್ತೀರಿ, ಭಾನುವಾರವೆಲ್ಲ ಕರೆಂಟಿಲ್ಲದೆ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಸೋಮವಾರ ಫೈಲ್ ಸಿಸ್ಟಂ ತನ್ನನ್ನು ಕೊನೆಯ ಸಲ ಬಳಸಿದ ದಿನ ನೋಡಿದರೆ ಅದು ಇನ್ನೂ ಬರಬೇಕಾದ ದಿನ! ಹಳೆಯ ಉಬುಂಟು ಇದೊಂದೇ ಕಾರಣಕ್ಕೆ ನಿಂತುಬಿಡುತ್ತದೆ. ಸಿಆರ್2032 ಅಂತ ಕೇಳಿ, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಪಿನ್ನು ಒತ್ತಿದರೆ ಹಳೆಯದು ಎದ್ದು ಬರುತ್ತದೆ, ಪ್ಲಸ್ ಗುರುತು ಮೇಲೆ ಬರುವಂತೆ ಹೊಸದು ಹಾಕಿ, ತಾರೀಖು ಸರಿ ಮಾಡಿ. ಮಕ್ಕಳ ಕೈಲೇ ಮಾಡಿಸಿ, ಪಾಠವೂ ಆಯಿತು.

ಪ್ರಶ್ನೆ: ಮನೇಲಿ ದೊಡ್ಡ ಇನ್ವರ್ಟರ್ ಇದೆ. ಕರೆಂಟ್ ಹೋದರೆ ಫ್ಯಾನು, ಲೈಟು ಏನೂ ನಿಲ್ಲಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತೆ, ಆಮೇಲೆ ಚೆಕ್ ಡಿಸ್ಕ್. ಕಂಪ್ಯೂಟರ್ ಕೆಟ್ಟಿದೆಯಾ, ಇನ್ವರ್ಟರ್ ಕೆಟ್ಟಿದೆಯಾ? 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟ್ ಕಳಿಸಿದ ತಾಲ್ಲೂಕಿನವರು ನಾವು, ನಮಗೇ ಈ ಕಷ್ಟ ನೋಡಿ.
(ಮಳವಳ್ಳಿ)

ಉತ್ತರ: ಕೋಲಾರಕ್ಕೆ ಕಳಿಸಿದ್ದು ಸರಿ, ಈಗ ನಿಮ್ಮ ಕಂಪ್ಯೂಟರಿಗೆ ಕಳಿಸೋಣ. ಎರಡೂ ಕೆಟ್ಟಿಲ್ಲ.

ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಒಂದು ಸುತ್ತಿಗೆ 20 ಮಿಲಿಸೆಕೆಂಡು. ಕಂಪ್ಯೂಟರಿನ ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ) ಪೂರ್ತಿ ಲೋಡಿನಲ್ಲಿ ಕರೆಂಟ್ ಇಲ್ಲದೆ ತಡೆಯಬೇಕಾದ್ದು ಸುಮಾರು 16, 17 ಮಿಲಿಸೆಕೆಂಡು, ಅಗ್ಗದ್ದಾದರೆ ಅಷ್ಟೂ ಇಲ್ಲ. ಇನ್ವರ್ಟರ್ ಕರೆಂಟಿನಿಂದ ಬ್ಯಾಟರಿಗೆ ಬದಲಾಗಲು ಇದಕ್ಕಿಂತ ಹೆಚ್ಚು ಹೊತ್ತು ತಗೊಂಡರೆ ಕಂಪ್ಯೂಟರ್ ಬೀಳುತ್ತದೆ. ಫ್ಯಾನು ಸುತ್ತುವ ರಭಸದಲ್ಲೇ ದಾಟಿಬಿಡುತ್ತದೆ, ಲೈಟು ಒಂದು ಸಲ ಪಿಳುಕಿಸಿದ್ದು ನಿಮಗೆ ಕಾಣಲ್ಲ.

ಇನ್ವರ್ಟರಿನ ಹಿಂದೆ ಅಥವಾ ಪಕ್ಕದಲ್ಲಿ ಒಂದು ಚಿಕ್ಕ ಸ್ವಿಚ್ ಇರುತ್ತದೆ, 'ಯುಪಿಎಸ್' ಒಂದು ಕಡೆ, 'ನಾರ್ಮಲ್' ಅಥವಾ 'ಇಕೋ' ಇನ್ನೊಂದು ಕಡೆ. ನಿಮ್ಮದು ನಾರ್ಮಲ್‌ನಲ್ಲಿದೆ ಅಂತ ನನ್ನ ಅಂದಾಜು. ಯುಪಿಎಸ್ ಕಡೆ ತಳ್ಳಿ, ಬದಲಾವಣೆ ಬೇಗ ಆಗುತ್ತದೆ.

ಆದರೆ ಹಳ್ಳಿ ಕಡೆ ಇದರಲ್ಲೊಂದು ಕೊಕ್ಕೆ ಇದೆ. ಯುಪಿಎಸ್ ಮೋಡ್‌ನಲ್ಲಿ ಇನ್ವರ್ಟರ್ ಲೋ ವೋಲ್ಟೇಜನ್ನು ಸಹಿಸಲ್ಲ, ಸುಮಾರು 180ರ ಕೆಳಗೆ ಹೋದರೆ ಕರೆಂಟ್ ಇದ್ದರೂ ಬ್ಯಾಟರಿಗೆ ಹೋಗುತ್ತದೆ. ಸಂಜೆ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿಗೆ ನಿಮ್ಮ ಕಡೆ ವೋಲ್ಟೇಜ್ ಬೀಳುತ್ತಿದ್ದರೆ ಬ್ಯಾಟರಿ ಸುಮ್ನೆ ಖಾಲಿಯಾಗುತ್ತದೆ, ರಾತ್ರಿ ನಿಜವಾಗಿ ಕರೆಂಟ್ ಹೋದಾಗ ಏನೂ ಉಳಿದಿರಲ್ಲ. ಹಾಗಿದ್ದರೆ ಇನ್ವರ್ಟರ್ ನಾರ್ಮಲ್‌ನಲ್ಲೇ ಇರಲಿ, ಕಂಪ್ಯೂಟರಿಗೆ ಪ್ರತ್ಯೇಕವಾಗಿ 600 ವಿಎ ಯುಪಿಎಸ್ ಒಂದು ತಂದು, ಇನ್ವರ್ಟರಿನ ಲೈನಿಗೇ ಚುಚ್ಚಿ. ಆ ಬದಲಾವಣೆಯ ಕ್ಷಣವನ್ನು ಅದು ನೋಡಿಕೊಳ್ಳುತ್ತದೆ, ಉಳಿದದ್ದನ್ನು ಇನ್ವರ್ಟರ್. ಇನ್ವರ್ಟರ್ ಸೈನ್ ವೇವ್ ಆಗಿದ್ದರೆ ಒಳ್ಳೆಯದು. ಸ್ಕ್ವೇರ್ ವೇವ್ ಆದರೆ ಕೆಲವು ಯುಪಿಎಸ್‌ಗಳು ಅದನ್ನು ಕರೆಂಟ್ ಅಂತಲೇ ಒಪ್ಪಲ್ಲ, ತರುವ ಮುಂಚೆ ಅಂಗಡಿಯಲ್ಲಿ ಕೇಳಿ.

ಪ್ರಶ್ನೆ: ನಾನು ಮದುವೆ ಫೋಟೋಗ್ರಾಫರ್. ಕಾರ್ಡಿನಿಂದ ಫೋಟೋ ಕಾಪಿ ಆಗ್ತಾ ಇದ್ದಾಗ ಕರೆಂಟ್ ಹೋಯ್ತು. ಈಗ ಕಾರ್ಡ್ ಹಾಕಿದರೆ 'ಈ ಡ್ರೈವ್‌ನಲ್ಲಿ ತೊಂದರೆ ಇದೆ, ಸ್ಕ್ಯಾನ್ ಮಾಡಿ ಸರಿ ಮಾಡಿ' ಅಂತ ಬರುತ್ತೆ. ಒತ್ತಲಾ? ಧಾರೆ ಫೋಟೋ ಎಲ್ಲ ಅದರಲ್ಲೇ ಇದೆ. ಹೋದರೆ ಹುಡುಗಿ ಮನೆಯವರು ನನ್ನ ಸುಮ್ನೆ ಬಿಡಲ್ಲ.
(ಕೆ.ಆರ್. ಪೇಟೆ)

ಉತ್ತರ: ಒತ್ತಬೇಡಿ. ಕಾರ್ಡ್ ಹೊರಗೆ ತೆಗೆಯಿರಿ, ಎಡಪಕ್ಕದ ಪುಟ್ಟ ಲಾಕ್ ಗುಂಡಿಯನ್ನು ಕೆಳಗೆ ಎಳೆಯಿರಿ. ಈಗ ರೀಡರಿಗೆ ಹಾಕಿದರೆ ಕಂಪ್ಯೂಟರ್ ಓದಬಹುದು, ಬರೆಯಲಾಗದು. ಮೊದಲು ಮಾಮೂಲಿಯಾಗಿ ತೆರೆದು ನೋಡಿ. ಎಷ್ಟೋ ಸಲ ಆ ಸಂದೇಶ ಬಂದರೂ ಫೋಟೋ ಎಲ್ಲ ಹಾಗೇ ಇರುತ್ತದೆ, ಕಾರ್ಡನ್ನು ಸರಿಯಾಗಿ ತೆಗೆದಿಲ್ಲ ಅನ್ನುವ ಗುರುತು ಮಾತ್ರ ಉಳಿದಿರುತ್ತದೆ. ಕಾಣಿಸಿದರೆ ಕಾಪಿ ಮಾಡಿ, ಮುಗೀತು.

ಕಾಣಿಸದಿದ್ದರೆ ಫೋಟೋರೆಕ್ ಅನ್ನುವ ಸಾಫ್ಟ್‌ವೇರ್. ಹೆಸರು ಹಾಗಿದ್ದರೂ ವಿಡಿಯೋವನ್ನೂ ಹುಡುಕುತ್ತದೆ, ಉಚಿತ. ಕಾರ್ಡಿನಲ್ಲಿರುವುದು ಎಕ್ಸ್‌ಫ್ಯಾಟ್ ಅಥವಾ ಫ್ಯಾಟ್32 ಫೈಲ್ ಸಿಸ್ಟಂ, ಇವಕ್ಕೆ ಮೇಲೆ ಹೇಳಿದ ಜರ್ನಲ್ ಇಲ್ಲ, ಪಟ್ಟಿ ಕೆಟ್ಟರೆ ಕೆಟ್ಟಿತು. ಫೋಟೋರೆಕ್ ಪಟ್ಟಿಯನ್ನು ನೋಡುವುದೇ ಇಲ್ಲ. ಪ್ರತಿ ಜೆಪೆಗ್ ಫೈಲೂ ಎಫ್ಎಫ್ ಡಿ8 ಅನ್ನುವ ಎರಡು ಬೈಟಿನಿಂದ ಶುರುವಾಗುತ್ತದೆ. ಅಂಥ ಗುರುತುಗಳನ್ನು ಹುಡುಕಿಕೊಂಡು ಕಾರ್ಡಿನ ಉದ್ದಕ್ಕೂ ಹೋಗುತ್ತದೆ. ಫೈಲಿನ ಹೆಸರು ಬರಲ್ಲ, ವರಪೂಜೆಯಿಂದ ಬೀಗರ ಊಟದವರೆಗೆ ನೀವೇ ಜೋಡಿಸಿಕೊಳ್ಳಬೇಕು. ಫೋಟೋದೊಳಗೆ ಕ್ಯಾಮೆರಾ ಬರೆದ ಸಮಯ ಇರುತ್ತದೆ, ಅದರ ಪ್ರಕಾರ ಜೋಡಿಸಿದರೆ ಸುಲಭ. ಸಿಕ್ಕಿದ್ದನ್ನು ಕಂಪ್ಯೂಟರಿನಲ್ಲಿ ಉಳಿಸಿ, ಅದೇ ಕಾರ್ಡಿಗಲ್ಲ.

ಸ್ಕ್ಯಾನ್ ಅಂಡ್ ಫಿಕ್ಸ್ ಒತ್ತಿದ್ದರೆ ಫೋಟೋಗಳೆಲ್ಲ ಸಿ ಎಚ್ ಕೆ ಫೈಲುಗಳಾಗಿ ತುಂಡುತುಂಡಾಗಿ ಬಿದ್ದಿರುವ ಸಾಧ್ಯತೆ ಇತ್ತು. ಕೇಳಿ ಒಳ್ಳೇದು ಮಾಡಿದಿರಿ. ಎಲ್ಲ ಸಿಕ್ಕಿ, ಆಲ್ಬಂ ಕೊಟ್ಟ ಮೇಲೆ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ವಿಂಡೋಸೂ ಇದೆ, ಲಿನಕ್ಸ್ ಮಿಂಟೂ ಇದೆ. ಮಿಂಟ್‌ನಿಂದ ವಿಂಡೋಸ್ ಡ್ರೈವ್ ತೆಗೆದರೆ 'ಅನ್‌ಕ್ಲೀನ್ ಫೈಲ್ ಸಿಸ್ಟಂ' ಅಂತ ಹೇಳಿ ತೆರೆಯಲ್ಲ. ಬ್ಯಾಟರಿ ಚೆನ್ನಾಗಿದೆ, ಯಾವತ್ತೂ ತಟ್ಟಂತ ಆಫ್ ಆಗಿಲ್ಲ.
(ಕುವೆಂಪುನಗರ, ಮೈಸೂರು)

ಉತ್ತರ: ನೀವು ಆಫ್ ಮಾಡಿದ್ದೀರಿ, ವಿಂಡೋಸ್ ಆಗಿಲ್ಲ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟ್‌ಅಪ್ ಅಂತ ಬಂದಿದೆ, ಶಟ್‌ಡೌನ್ ಒತ್ತಿದರೂ ಅರ್ಧ ನಿದ್ದೆಗೆ ಹೋಗಿ ಡ್ರೈವನ್ನು ಬಿಡದೆ ಹಿಡಿದಿರುತ್ತದೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಪವರ್ ಬಟನ್ ಏನು ಮಾಡಬೇಕು ಅನ್ನುವಲ್ಲಿ ಅದರ ಟಿಕ್ ತೆಗೆಯಿರಿ. ಇವತ್ತಿನ ಮಟ್ಟಿಗೆ ವಿಂಡೋಸ್‌ಗೆ ಹೋಗಿ ರೀಸ್ಟಾರ್ಟ್ ಕೊಟ್ಟು ಮಿಂಟ್‌ಗೆ ಬಂದರೂ ಸಾಕು, ರೀಸ್ಟಾರ್ಟ್ ಮಾತ್ರ ಪೂರ್ತಿ ಮುಚ್ಚುತ್ತದೆ. ಎನ್‌ಟಿಎಫ್ಎಸ್‌ಫಿಕ್ಸ್ ಅನ್ನುವ ಲಿನಕ್ಸ್ ಕಮಾಂಡ್ ಓಡಿಸು ಅಂತ ಯಾರಾದರೂ ಹೇಳಿದರೆ, ಅದು ಚೆಕ್ ಡಿಸ್ಕ್ ಅಲ್ಲ. ಜರ್ನಲ್ ಅಳಿಸಿ, ನಿಜವಾದ ಚೆಕ್ಕನ್ನು ವಿಂಡೋಸ್ ತಲೆಗೆ ಕಟ್ಟುತ್ತದೆ ಅಷ್ಟೇ.

ಪ್ರಶ್ನೆ: ಕರೆಂಟ್ ಹೋಗದಿದ್ದರೂ ತಿಂಗಳಿಗೊಮ್ಮೆ ಚೆಕ್ ಡಿಸ್ಕ್ ಮಾಡಿದರೆ ಒಳ್ಳೇದಾ? ಎಸ್‌ಎಸ್‌ಡಿ ಹಾಕಿಸಿದ್ದೀನಿ.
(ಶ್ರೀರಂಗಪಟ್ಟಣ)

ಉತ್ತರ: ಬೇಡ. ವಿಂಡೋಸ್ 8 ಆದ ಮೇಲಿನದ್ದೆಲ್ಲ ಕೆಲಸವಿಲ್ಲದ ಹೊತ್ತಿನಲ್ಲಿ ತಾನೇ ನೋಡಿಕೊಳ್ಳುತ್ತದೆ. ಅನುಮಾನ ಬಂದರೆ ಮೊದಲ ಉತ್ತರದ ಚೆಕ್ ಡಿಸ್ಕ್ ಕಮಾಂಡಿಗೆ ಸ್ಲ್ಯಾಶ್ ಸ್ಕ್ಯಾನ್ ಹಾಕಿ ಓಡಿಸಿ, ವಿಂಡೋಸ್ ನಡೆಯುತ್ತಿರುವಾಗಲೇ ಆಗುತ್ತದೆ, ರೀಸ್ಟಾರ್ಟ್ ಬೇಕಿಲ್ಲ. ಎಸ್‌ಎಸ್‌ಡಿಗೂ ಫೈಲ್ ಸಿಸ್ಟಂ ಅದೇ ಆದ್ದರಿಂದ ಕರೆಂಟ್ ಹೋದರೆ ಚೆಕ್ ಬರುವುದು ಬರುತ್ತದೆ, ನಿಮಿಷಗಳಲ್ಲಿ ಮುಗಿಯುತ್ತದೆ. ಸ್ಲ್ಯಾಶ್ ಆರ್ ಅದಕ್ಕೆ ಸಾಮಾನ್ಯವಾಗಿ ಬೇಕಾಗಲ್ಲ.